ದಂಗೆ ಹೇಗೆ ಏಳುತ್ತದೆಂದು ನೋಡಲು ಹೋಗಿ

ನಾನು ಓದಿದ್ದು ಏಳನೇ ಇಯತ್ತೆ. ಆದರೆ ರಾಣೇಬೆನ್ನೂರಿನಿಂದ ಒಂದು ಸೀಡಿ ತಂದು, ಕಂಪ್ಯೂಟರಿನಲ್ಲಿ ಅರ್ಧ ಯುರೋಪನ್ನು ಆಳಿದ್ದೇನೆ! ಆ ರಾಜ್ಯಭಾರದ ಆಟದ ಕಂಪನಿಗೆ ಬುದ್ಧಿ ಹೇಳುವ ಹಕ್ಕು ಬ್ಯಾಡಗಿಯಲ್ಲಿ ಯಾರಿಗಾದರೂ ಇದ್ದರೆ ಅದು ನನಗೇ ಎಂದು ತೀರ್ಮಾನಿಸಿದೆ.

ಆಟವೆಲ್ಲ ಚೆನ್ನ, ದಂಗೆ ಮಾತ್ರ ಸುಳ್ಳು. ಕಂದಾಯ ಏರಿಸಿದರೆ ಮೂಲೆಯಲ್ಲೊಂದು ಕೆಂಪು ಬಾವುಟ ಏಳುತ್ತದೆ. ಅದರ ಕೆಳಗೆ ದಂಗೆಕೋರರು ಬಸ್ಸಿಗೆ ನಿಂತವರ ಹಾಗೆ ನನ್ನ ದಂಡಿಗೆ ಕಾಯುತ್ತಾರೆ! ಹೊಡೆದರೆ ಮುಗಿಯಿತು. ಯಾರು ಎಬ್ಬಿಸಿದರು, ಏನು ಬೇಕಿತ್ತು, ಕೇಳುವವರೇ ಇಲ್ಲ. ಮೊದಲು ಗುಸುಗುಸು, ಆಮೇಲೆ ಒಬ್ಬ ನಾಯಕ, ಆಮೇಲೆ ಬೇಡಿಕೆ, ಹೀಗೆ ಇರಬೇಡವೇ?

ಕಂಪನಿಗೆ ಇಂಗ್ಲಿಷಿನಲ್ಲಿ ಇ-ಮೇಲ್ ಬರೆಯಬೇಕಿದ್ದವನು ಕಂಪ್ಯೂಟರ್ ಸೆಂಟರಿನ ಚನ್ನೇಶ. ಫೋನು ಮಾಡಿದೆ.

"ಕಾಕಾ, ಖರೇ ದಂಗಿ ಹೆಂಗ ಏಳತೈತಿ, ನೀವು ನೋಡೀರೇನು?"

"ಇಲ್ಲ."

"ಮತ್ತ ನಾ ಏನಂತ ಬರೀಲಿ?"

ಮಾತು ನಾಟಿತು.

ನಮ್ಮದು ಮೆಣಸಿನಕಾಯಿ ವ್ಯಾಪಾರ. ಅಂಗಳದಲ್ಲಿ ಹನ್ನೊಂದು ಹೆಣ್ಣುಮಕ್ಕಳು ಕುಳಿತು ತೊಟ್ಟು ಬಿಡಿಸುತ್ತಾರೆ. ದಿನಾ ನಾಲ್ಕಕ್ಕೆ ಚಹಾ. ಗುರುವಾರ ಬೆಳಿಗ್ಗೆ ಲಾರಿಗೆ ಮಾಲು ಹಾಕುತ್ತೇನೆಂದು ಹುಬ್ಬಳ್ಳಿಯವರಿಗೆ ಮಾತು ಕೊಟ್ಟಿದ್ದೆ. ದಂಗೆ ನೋಡಲು ಇದಕ್ಕಿಂತ ಒಳ್ಳೆಯ ರಾಜ್ಯ ಎಲ್ಲಿ ಸಿಗಬೇಕು? ಸೋಮವಾರ ಚಹಾ ಬಂದ್ ಮಾಡಿದೆ!

ಅವರಲ್ಲಿ ಹಿರಿಯಳಾದ ದೇವವ್ವ ತಲೆಯನ್ನೂ ಎತ್ತಲಿಲ್ಲ. "ಆತು ತಗೋರಿ ಸಾವ್ಕಾರ್ರ."

ಅಷ್ಟೇ! ಹತ್ತು ನಿಮಿಷಕ್ಕೊಮ್ಮೆ ಹೋಗಿ ನೋಡಿದೆ. ಗುಸುಗುಸು ಇಲ್ಲ. ನಾಯಕ ಇಲ್ಲ. ಬದಲಿಗೆ ಹಾಡು! ಮಂಗಳವಾರ ಎಲೆ-ಅಡಿಕೆಯ ತಾಟನ್ನೂ ಎತ್ತಿಟ್ಟೆ. ಹಾಡು ಇನ್ನೂ ಜೋರಾಯಿತು. ನನಗೆ ಕುಳಿತಲ್ಲಿ ಕೂರಲಾಗಲಿಲ್ಲ.

"ಏನರ ನಡದೈತೇನ?" ಹೆಂಡತಿ ನಿರ್ಮಲಾಳನ್ನು ಕೇಳಿದೆ.

"ನನಗೇನ್ ಗೊತ್ರಿ? ರಾಜ್ಯಾ ಆಳಾಕತ್ತವ್ರು ನೀವು."

ಬುಧವಾರ ಅಂಗಳ ಖಾಲಿ! ಇನ್ನೂ ಮೂರು ಚೀಲ ಬಾಕಿ. ನಾಳೆ ಲಾರಿ! ಗೋಡೆಯಾಚೆ ನಗು ಕೇಳಿಸಿತು. ಇಣುಕಿದರೆ, ಪಕ್ಕದ ಡಾಕಪ್ಪನ ಅಂಗಳದಲ್ಲಿ ಹನ್ನೊಂದೂ ಜನ ಅವನ ಕಾಯಿ ಬಿಡಿಸುತ್ತಿದ್ದಾರೆ. ಎಲ್ಲರ ಮುಂದೆ ಕಪ್ಪು-ಬಸಿ. ಚಹಾ ಬಗ್ಗಿಸುತ್ತಿರುವವಳು ನನ್ನ ನಿರ್ಮಲಾ! ಪಾತೇಲಿ ನಮ್ಮದು! ಸಕ್ಕರೆಯೂ ನಮ್ಮದೇ! ರಾಜನ ಪಕ್ಕದಲ್ಲಿ ಕೂತವರೇ ದಂಗೆ ಎಬ್ಬಿಸುತ್ತಾರೆಂಬುದು ನನ್ನ ಪಟ್ಟಿಯಲ್ಲೇ ಇರಲಿಲ್ಲ!

"ನೀನೂ ದಂಗಿಯೊಳಗ ಸೇರೀಯೇನ?"

"ದಂಗಿ ಎಲ್ಲೈತ್ರಿ? ನಮ್ಮ ಅಂಗಳದಾಗ ಚಾ ಬಂದ್ ಅಂದ್ರಿ. ಇದು ಡಾಕಪ್ಪಣ್ಣನ ಅಂಗಳ."

ಛಲದಿಂದ ಒಬ್ಬನೇ ತೊಟ್ಟು ಬಿಡಿಸಲು ಕುಳಿತೆ. ಮಧ್ಯಾಹ್ನದ ಹೊತ್ತಿಗೆ ಆದದ್ದು ಅರ್ಧ ಬುಟ್ಟಿ. ಬೆವರು ಇಳಿಯಿತೆಂದು ಅದೇ ಕೈಯಿಂದ ಕಣ್ಣೊರೆಸಿಕೊಂಡೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಊರೂರಿಗೆ ಹೇಳಿ ಮಾರುವವನು ನಾನೇ. ಆ ಮಾತು ನನ್ನ ಕಣ್ಣಿಗೆ ಗೊತ್ತಿರಲಿಲ್ಲ!

ತಡಕಾಡುತ್ತ ಗೋಡೆಯ ಹತ್ತಿರ ಹೋದೆ. "ಏನ್ ಬೇಕು ಹೇಳ್ರವ್ವಾ!"

"ಚಾ ಬೇಕು, ಎಲಿ-ಅಡಕಿ ಬೇಕು," ಎಂದಳು ದೇವವ್ವ. "ಮತ್ತ ಇವತ್ತಿನ ಚಾ ನೀವ ಮಾಡಬೇಕು. ಬಂದ್ ಮಾಡಿದ ಕೈಲೇನ ಚಾಲೂ ಆಗ್ಲಿ!"

ಶರಣಾದೆ. ಹನ್ನೊಂದೂ ಜನ ಬಂದು ಕುಳಿತರು. ಬೆರಳು ಕಾಣದ ಹಾಗೆ ಕೈ ಓಡಿದವು. ನಾಲ್ಕರ ಹೊತ್ತಿಗೆ ಎರಡು ಚೀಲ ಮುಗಿದವು, ಲಾರಿ ತಪ್ಪುವುದಿಲ್ಲ ಎಂದು ನನ್ನ ಜೀವ ತಣ್ಣಗಾಯಿತು. ಆ ಖುಷಿಗೆ ಕೈ ತೊಳೆಯುವುದನ್ನೂ ಮರೆತು ಶುಂಠಿ ಜಜ್ಜಿದೆ, ಹಿಂಡಿ ಹಿಂಡಿ ಚಹಾಕ್ಕೆ ಹಾಕಿದೆ, ತಾಟಿನಲ್ಲಿಟ್ಟು ನಾನೇ ಹಂಚಿದೆ.

ಮೊದಲ ಗುಟುಕಿಗೇ ಸಾಲಿನುದ್ದಕ್ಕೂ ಕೆಮ್ಮು! ನಿರ್ಮಲಾ ನೀರಿನ ಕೊಡ ಹಿಡಿದು ಓಡಿ ಬಂದಳು. ದೇವವ್ವ ಎರಡು ಚೆಂಬು ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ನನಗೆ ಎರಡೂ ಕೈ ಮುಗಿದಳು.

"ಸಾವ್ಕಾರ್ರ, ನಮ್ಮದ ತಪ್ಪಾತ್ರಿ. ಚಾ ಬಂದ್ ಮಾಡಿದ್ರಲ್ಲ, ಅದ ಛಲೋ ಇತ್ತು!"