ಮೂರು ಕೋಟ್ ಹೊಡೆದ ಸಿಹಿ

ನಾನು ಗೋಡೆಗೆ ಬಣ್ಣ ಹೊಡೆಯುವವನು. ಇಪ್ಪತ್ತೆರಡು ವರ್ಷದ ಅನುಭವ. ಹೊರಗೆ ಎಲ್ಲರೂ 'ಮೇಸ್ತ್ರಿ' ಅಂತಾರೆ. ಮನೆಯಲ್ಲಿ 'ರೀ, ಇಲ್ಲಿ ಬನ್ನಿ' ಅಂತಾರೆ. ಹೆಂಡತಿಯ ಅಕ್ಕ ಮಾತ್ರ, "ಪಾಪ, ಇವರಿಗೆ ಗೋಡೆ ಬಿಟ್ಟರೆ ಬೇರೇನೂ ಬರಲ್ಲ" ಅಂತ ಕನಿಕರ ತೋರಿಸಿ, ಹಿಂದೆಯೇ "ಅಂದಹಾಗೆ, ನಮ್ಮ ಹಾಲ್‌ಗೆ ಯಾವಾಗ ಬರ್ತೀರಿ?" ಅಂತಾಳೆ. ಭಾನುವಾರ, ಬಿಟ್ಟಿಯಾಗಿ. (ನನ್ನ ಭಾನುವಾರಗಳ ಮೇಲೆ ಸಂಬಂಧಿಕರಿಗೆ ಎಲ್ಲಿಲ್ಲದ ಪ್ರೀತಿ.)

ಮೂರು ವರ್ಷ ಬೆನ್ನುನೋವು, ಮಂಡಿನೋವು, ಹುಟ್ಟಿಯೇ ಇರದ ಗೆಳೆಯನ ಸಾವು, ಹೀಗೆ ಏನೇನೋ ಹೇಳಿ ತಪ್ಪಿಸಿಕೊಂಡಿದ್ದೆ. ಈ ಶನಿವಾರ ಖುದ್ದು ಅವಳ ಸವಾರಿಯೇ ಚಿತ್ತೈಸುತ್ತದೆ ಅಂತ ತಿಳಿದಾಗ ನನ್ನ ನೆಪಗಳ ಉಗ್ರಾಣ ಖಾಲಿ. ಆಗ ಹೆಂಡತಿ ಪತ್ರಿಕೆಯಿಂದ ಕತ್ತರಿಸಿಟ್ಟಿದ್ದ ಒಂದು ಚಿತ್ರ ಕಣ್ಣಿಗೆ ಬಿತ್ತು. ಗಾಜಿನ ಬಟ್ಟಲಲ್ಲಿ ಕೆಳಗೆ ಬಿಳಿ ಕೆನೆ, ನಡುವೆ ಕಾಫಿ ಬೆರೆಸಿದ ಕೆನೆ, ಮೇಲೆ ಕೋಕೋ ಬೆರೆಸಿದ್ದು. ಹಣ್ಣಿನ ಹೋಳನ್ನು ಅದಕ್ಕೆ ಅದ್ದಿ ತಿನ್ನಬೇಕಂತೆ.

"ಇದನ್ನ ನಾನು ಮಾಡ್ತೀನಿ," ಅಂದೆ.

"ನೀವಾ? ಹಾಲು ಕಾಯಿಸಿ ಅಂದ್ರೆ ಒಲೆಗೆ ಕುಡಿಸೋರು!"

"ನಿಮ್ಮಕ್ಕ ಚೆನ್ನಾಗಿದೆ ಅಂದ್ರೆ, 'ಇವರು ಹಾಲ್ ಕೆಲಸಕ್ಕೆ ಬರಲ್ಲ' ಅಂತ ನೀನೇ ಅವಳಿಗೆ ಹೇಳಬೇಕು. ಚೆನ್ನಾಗಿಲ್ಲ ಅಂದ್ರೆ, ನಾನು ಬಾಯಿ ಮುಚ್ಕೊಂಡು ಏಣಿ ಹೊರ್ತೀನಿ."

"ಆಯ್ತು," ಅಂದಳು. ಅಷ್ಟು ಬೇಗ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಶನಿವಾರ ಬೆಳಗ್ಗೆ ಅಡುಗೆಮನೆಗೆ ನಾನೇ ಚಕ್ರವರ್ತಿ. ನೆಲಕ್ಕೆ ಹಳೇ ಪೇಪರ್ ಹಾಸಿದೆ. ಬಟ್ಟಲಿನ ಹೊರಗೆ ಟೇಪ್ ಅಂಟಿಸಿ ಮಟ್ಟ ಗುರುತು ಮಾಡಿದೆ. ಕೆನೆಗೆ ಎರಡು ಬಟ್ಟಲು ಸಕ್ಕರೆ ಸುರಿದು ತಿರುವಿದರೆ, ಥತ್, ಹರಳು ಹರಳು! ಹರಳಿರುವ ಬಣ್ಣವನ್ನು ನಾನು ಶತ್ರುವಿನ ಗೋಡೆಗೂ ಹೊಡೆದವನಲ್ಲ. ತಕ್ಷಣ ತೆಳು ಬಟ್ಟೆಗೆ ಹಾಕಿ ಹಿಂಡಿ ಸೋಸಿದೆ. ಕೆನೆ ನುಣ್ಣಗೆ ಇಳಿಯಿತು. ಬಟ್ಟೆಯಲ್ಲಿ ಉಳಿದ ಹರಳನ್ನು ಸಕಲ ಮರ್ಯಾದೆಯೊಂದಿಗೆ ಕಸದ ಬುಟ್ಟಿಗೆ ಕಳಿಸಿದೆ. ಆಮೇಲೆ ಮೂರು ಪಾಲು ಮಾಡಿ, ಬಣ್ಣ ಬೆರೆಸಿ, ಒಂದೊಂದು ಕೋಟ್ ಹೊಡೆದು, ಫ್ರಿಜ್‌ನಲ್ಲಿ 'ಒಣಗಿಸಿ', ಮತ್ತೊಂದು ಕೋಟ್.

"ರುಚಿ ನೋಡಿದ್ರಾ?" ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು.

"ಬಣ್ಣದ ಡಬ್ಬಕ್ಕೆ ಯಾರಾದ್ರೂ ನಾಲಿಗೆ ಹಾಕ್ತಾರಾ? ನಿನ್ನ ಕೆಲಸ ನೋಡು, ಹೋಗು."

ನಾಲ್ಕು ಗಂಟೆಗೆ ಅಕ್ಕ ಬಂದಳು. ನಾನು ಟೇಪ್ ಕಿತ್ತೆ. ಒಂದು ಕೂದಲೆಳೆಯಷ್ಟೂ ಆಚೀಚೆ ಆಗದ ಮೂರು ಪಟ್ಟಿ! ಅವಳ ಕಣ್ಣು ಅರಳಿತು.

"ಅಬ್ಬಾ, ಎಷ್ಟು ಚೆನ್ನಾಗಿದೆ!"

ನಾನು ಹೆಂಡತಿಯ ಕಡೆ ಹುಬ್ಬು ಹಾರಿಸಿದೆ. ಪಾಪ, ಅವಳು ಮಾತಿಗೆ ತಪ್ಪುವವಳಲ್ಲ. "ಅಕ್ಕಾ, ಇವರು ನಿಮ್ಮ ಹಾಲ್ ಕೆಲಸಕ್ಕೆ ಬರಲ್ಲ," ಅಂದೇಬಿಟ್ಟಳು.

"ಬರದೆ ಏನೇ? ಸ್ಯಾಂಪಲ್ಲೇ ಮಾಡಿಟ್ಟಿದ್ದಾರೆ!" ಅಕ್ಕ ಬಟ್ಟಲನ್ನು ಬೆಳಕಿಗೆ ಹಿಡಿದಳು. "ಕೆಳಗೆ ಬಿಳಿ, ನಡುವೆ ಕಾಫಿ, ಮೇಲೆ ಕಂದು. ಮೂರು ವರ್ಷದಿಂದ ನಮ್ಮ ಗೋಡೆಗೆ ಇದನ್ನೇ ಹುಡುಕ್ತಿದ್ದೆ. ಬಾಯಿಬಿಟ್ಟು ಹೇಳೋಕೆ ಇವರಿಗೆ ಸಂಕೋಚ, ಅಷ್ಟೇ."

"ಅದು ತಿನ್ನೋದು…" ಅಂತ ನಾನು ಸೇಬಿನ ಹೋಳು ಚಾಚಿದೆ.

"ಮುಟ್ಟಬೇಡಿ, ಪಟ್ಟಿ ಕೆಡುತ್ತೆ!" ಅಂದವಳೇ ಬಟ್ಟಲನ್ನು ಮುಚ್ಚಿ, ಮಗುವಿನ ಹಾಗೆ ಎದೆಗವಚಿಕೊಂಡು ಹೊರಟೇ ಹೋದಳು. ನನಗೆ ಉಳಿದದ್ದು ಬೆಳಗ್ಗೆಯೇ ಹೆಚ್ಚಿ ಕಪ್ಪಾಗಿದ್ದ ಸೇಬು.

ಮರುದಿನ ಭಾನುವಾರ, ಅಕ್ಕನ ಹಾಲ್. ನಾನು ಏಣಿಯ ಮೇಲೆ, ಹೆಂಡತಿ ಏಣಿಯ ಬುಡದಲ್ಲಿ. ಸಂಜೆ ಕೊನೆಯ ಪಟ್ಟಿಗೆ ಬರುವಾಗ ಅಕ್ಕ ಫ್ರಿಜ್‌ನಿಂದ ಬಟ್ಟಲು ತಂದು, "ಇನ್ನು ಇದರ ಕೆಲಸ ಮುಗೀತು" ಅಂತ ಒಂದು ಹೋಳು ಹಣ್ಣನ್ನು ಬುಡದವರೆಗೆ ಅದ್ದಿ ಬಾಯಿಗಿಟ್ಟಳು. ಮುಖ ಹರಳೆಣ್ಣೆ ಕುಡಿದಂತಾಯಿತು.

"ಥೂ, ಕಹಿ ವಿಷ! ಇದಕ್ಕೆ ಸಕ್ಕರೆ ಹಾಕಿಲ್ವಾ?"

ಆಗ ನನಗೆ ಆ ಬಟ್ಟೆ, ಆ ಹರಳು, ಆ ಕಸದ ಬುಟ್ಟಿ ಮೂರೂ ಒಟ್ಟಿಗೆ ನೆನಪಾದವು.

"ಪಾಪ, ಇವರಿಗೆ ಗೋಡೆ ಬಿಟ್ಟರೆ ಬೇರೇನೂ ಬರಲ್ಲ," ಅಂದಳು ಅಕ್ಕ. "ಇರಲಿ, ಮಲಗೋ ಕೋಣೆಗೆ ಮುಂದಿನ ಭಾನುವಾರ ಬನ್ನಿ."

ನಾನು ಬಾಯಿ ತೆರೆದೆ. ಕೆಳಗಿನಿಂದ ಹೆಂಡತಿ ತಣ್ಣಗೆ ಹೇಳಿದಳು:

"ರೀ, ಅಕ್ಕ ಚೆನ್ನಾಗಿಲ್ಲ ಅಂದಾಯ್ತು. ಏನು ಮಾತು ಕೊಟ್ಟಿದ್ರಿ?"

ಬಾಯಿ ಮುಚ್ಚಿಕೊಂಡು ಬ್ರಷ್ ಅದ್ದಿದೆ.