ನತ್ತು ಹಾಕಿಕೊಂಡ ಕೋಳಿ

ಮುದುಕಿಯರಿಗೆ ಚಟ ಇರಬಾರದು ಎಂದು ಯಾರೂ ಹೇಳಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ. ಕೆಲವರು ಎಲೆಅಡಿಕೆ ಜಗಿಯುತ್ತಾರೆ, ಕೆಲವರು ಸೊಸೆಯನ್ನು ಜಗಿಯುತ್ತಾರೆ. ನಾನು ಹಳೆಯ ಚೀನಿ ಭರಣಿ ಕೂಡಿಹಾಕುತ್ತೇನೆ. ಮೇಲರ್ಧ ಕಂದು, ಕೆಳಗರ್ಧ ಕೆನೆಬಣ್ಣ ಇರುವ ಉಪ್ಪಿನಕಾಯಿ ಭರಣಿ ನಿಮಗೂ ಗೊತ್ತಿರಬೇಕು. ಅಂಥವು ನಮ್ಮ ಮನೆಯಲ್ಲಿ ಮಂಚದ ಕೆಳಗೆ, ಕಪಾಟಿನ ಮೇಲೆ, ಬಚ್ಚಲಿಗೆ ಹೋಗುವ ದಾರಿಯಲ್ಲಿ, ಎಲ್ಲೆಲ್ಲೂ ಇವೆ. ನಮ್ಮ ಹೈದರಾಬಾದಿನ ಹಿಮಾಯತ್‌ನಗರದ ಗಲ್ಲಿಗಳಲ್ಲಿ ಯಾವುದಾದರೂ ಹಳೆಯ ಮನೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುತ್ತಾರಂತೆ ಎಂದು ಸುದ್ದಿ ಬಂದರೆ ಬೇರೆಯವರು ಅಯ್ಯೋ ಪಾಪ ಅನ್ನುತ್ತಾರೆ. ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತೇನೆ. ಅಡಿಗೆಮನೆ ಒಡೆಯುವ ಮೊದಲೇ ಹೋಗಿ ಮುಟ್ಟಬೇಕು.

ಮನೆಯಲ್ಲಿ ಇರುವವರು ಗಂಡ ಹೆಂಡತಿ ಇಬ್ಬರು. ಇಬ್ಬರಿಗೆ ಎಷ್ಟು ಉಪ್ಪಿನಕಾಯಿ ಬೇಕು ಎಂದು ಮಗಳು ಬಂದಾಗಲೆಲ್ಲ ಕೇಳುತ್ತಾಳೆ. ನಾನು ಇನ್ನೊಂದು ಭರಣಿ ಒರೆಸಿಡುತ್ತೇನೆ. ಮುಕ್ಕಾಲು ಪಾಲು ಭರಣಿ ಖಾಲಿ ಇವೆ. ಟಿವಿಯಲ್ಲಿ ಒಬ್ಬಾಕೆ, ಹಳೆಯ ಪಾತ್ರೆಗಳಲ್ಲಿ ಆತ್ಮ ಇರುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಭರಣಿಗೆ ಆತ್ಮ ಗೀತ್ಮ ಏನೂ ಇಲ್ಲ. ತಳ ಗಟ್ಟಿ ಇದ್ದರೆ ಸಾಕು. ಬೆರಳ ಗೆಣ್ಣಿನಿಂದ ಬಡಿದರೆ ಠಣ್ ಅನ್ನಬೇಕು. ಠಪ್ ಅಂದರೆ ಒಳಗೆಲ್ಲೋ ಸೀಳು ಬಿಟ್ಟಿದೆ. ಉಪ್ಪುನೀರು ತುಂಬಿಟ್ಟು ಮರುದಿನ ಹೊರಮೈ ಸವರಿದರೆ ಕೈಗೆ ಉಪ್ಪು ಹತ್ತಬಾರದು. ವರ ನೋಡುವಾಗ ನಮ್ಮಪ್ಪ ಇಷ್ಟು ಪರೀಕ್ಷೆ ಮಾಡಿದ್ದರೆ ನನ್ನ ಸಂಸಾರ ಬೇರೆಯೇ ಇರುತ್ತಿತ್ತು.

ನಮ್ಮ ಯಜಮಾನರ ಚಟ ಬೇರೆ. ಸರ್ಕಾರಿ ನೌಕರಿ ಮುಗಿದ ಮೇಲೆ ಅವರು ಕೋಠಿ ಬಜಾರಿಗೆ ಹೋಗಿ ಬಣ್ಣ, ಕುಂಚ ತಂದು ಪ್ರಾಣಿಗಳ ಚಿತ್ರ ಬಿಡಿಸುತ್ತ ಕೂತರು. ಸುಮ್ಮನೆ ಪ್ರಾಣಿಗಳಲ್ಲ. ಛತ್ರಿ ಹಿಡಿದ ಮೇಕೆ, ಶೇರ್ವಾನಿ ತೊಟ್ಟು ಲಗ್ನಕ್ಕೆ ಹೊರಟ ಕತ್ತೆ, ಕನ್ನಡಕ ಮೂಗಿಗಿಳಿಸಿ ಪೇಪರ್ ಓದುವ ಎಮ್ಮೆ. ಚೆನ್ನಾಗಿಯೇ ಇರುತ್ತವೆ. ತೊಂದರೆ ಏನೆಂದರೆ, ಶುರುವಿಗೆ ಪ್ರಾಣಿ ಆಗಿದ್ದದ್ದು ಮುಗಿಯುವ ಹೊತ್ತಿಗೆ ನಮ್ಮ ಪರಿಚಯದವರು ಯಾರೋ ಆಗಿರುತ್ತದೆ. ಆ ಎಮ್ಮೆ ಇವರ ಆಫೀಸಿನ ಸೂಪರಿಂಟೆಂಡೆಂಟ್. ಬೇಕಂತ ಮಾಡುವುದಿಲ್ಲವಂತೆ. “ಕೈ ಹಂಗ ಹೋಗ್ತೈತಿ, ನಾ ಏನ್ ಮಾಡ್ಲಿ?” ಅನ್ನುತ್ತಾರೆ. ಆ ಕೈ ಒಮ್ಮೆ ನನ್ನ ತಮ್ಮನ ಕಡೆಗೆ ಹೋಯಿತು. ರುಮಾಲು ಸುತ್ತಿದ ಒಂಟೆ. ಅವನಿಗೇನೂ ತಿಳಿಯಲಿಲ್ಲ, ಬಾಯ್ತುಂಬ ಹೊಗಳಿ, ಚಹಾ ಕುಡಿದು ಹೋದ. ಆಟೋದಲ್ಲಿ ಅವನ ಹೆಂಡತಿ ಬಿಡಿಸಿ ಹೇಳಿದಳಂತೆ. ಅಂದಿನಿಂದ ಅವನು ನಮ್ಮ ಮೆಟ್ಟಿಲು ಹತ್ತಿಲ್ಲ.

ಹಿಂದಿನ ಗಲ್ಲಿಯ ನೀಲಮ್ಮನ ಮನೆಯಲ್ಲಿ ಒಂದು ಭರಣಿ ಇತ್ತು. ಜೇನಿನ ಬಣ್ಣ, ಮೈಸುತ್ತ ಉಬ್ಬಿದ ಬಳ್ಳಿ, ಎರಡು ಕಿವಿ, ಅದರದೇ ಮುಚ್ಚಳ. ಅದರದೇ ಮುಚ್ಚಳ ಅಂದರೆ ಸಣ್ಣ ಮಾತಲ್ಲ. ಭರಣಿಗಿಂತ ಮೊದಲು ಮುಚ್ಚಳ ಸಾಯುತ್ತದೆ. ಅರಿಶಿನ ಕುಂಕುಮಕ್ಕೆ ಹೋದಾಗಲೆಲ್ಲ ನಾನು ನೀಲಮ್ಮನಿಗಿಂತ ಹೆಚ್ಚಾಗಿ ಅದರ ಮುಖ ನೋಡಿ ಬರುತ್ತಿದ್ದೆ. ಈ ಬೇಸಗೆಯಲ್ಲಿ ನೀಲಮ್ಮ ಮನೆ ಬಿಟ್ಟು ನಾಚಾರಂನಲ್ಲಿರುವ ಮಗಳ ಕಡೆಗೆ ಹೊರಟಿದ್ದಾಳೆ ಎಂದು ಗೊತ್ತಾಯಿತು. ಓಡಿದೆ.

“ನೀಲಮ್ಮಕ್ಕಾ, ಆ ಭರಣಿ ನನಗ ಕೊಟ್ಟು ಹೋಗ್ರಿ. ಎಷ್ಟಾರ ಹೇಳ್ರಿ.”

“ಉಪ್ಪಿನಕಾಯಿ ಭರಣಿ ರೊಕ್ಕಕ್ಕ ಕೊಡಬಾರದ್ರಿ. ಮನಿ ಕೈರುಚಿ ಹೋಗ್ತೈತಿ ಅಂತ ನಮ್ಮ ಅತ್ತಿ ಹೇಳ್ತಿದ್ರು.”

“ಹಂಗಾರ ಪುಕ್ಕಟ ಕೊಡ್ರಿ.”

“ಪುಕ್ಕಟ ಕೊಟ್ರ ಇನ್ನೂ ಕೆಟ್ಟ,” ಅಂದಳು ನೀಲಮ್ಮ. “ವಸ್ತಕ್ಕ ವಸ್ತ ಆಗ್ಬೇಕು. ನಿಮ್ಮ ಯಜಮಾನ್ರು ಚಿತ್ರ ತಗೀತಾರಲ್ಲ, ನನಗೊಂದು ನವಿಲು ತಗದು ಕೊಡ್ಲಿ. ಹೊಸಾ ಮನಿ ಗ್ವಾಡಿಗೆ ಹಾಕ್ತೀನಿ. ನಾಡದು ಟೆಂಪೋ ಬರ್ತೈತಿ, ಅಷ್ಟ್ರಾಗ ತರ್ರಿ. ಇಲ್ಲಂದ್ರ ನಮ್ಮ ನೆಗೆಣ್ಣಿ, ಮೈದುನನ ಹೇಣ್ತಿ, ಕೇಳ್ಯಾಳ, ಆಕಿಗೆ ಕೊಟ್ಟಬಿಡ್ತೀನಿ.”

ಮನೆಗೆ ಬಂದು ಯಜಮಾನರಿಗೆ ಹುಕುಂ ಮಾಡಿದೆ. “ನವಿಲ್ರಿ. ಬರೇ ನವಿಲು. ಅದರಾಗ ಯಾರೂ ಬರಬಾರದು.”

“ನವಿಲಿನ್ಯಾಗ ಯಾರು ಬರ್ತಾರ? ಹುಚ್ಚಿ,” ಅಂದರು.

ನಾನು ಪಕ್ಕದಲ್ಲೇ ಕಾವಲು ಕೂತೆ. ಬಾಲ ಚೆನ್ನಾಗಿ ಬರತೊಡಗಿತು. ಆಮೇಲೆ ಕುತ್ತಿಗೆ ಸ್ವಲ್ಪ ಮುಂದೆ ಬಂತು. ನೀಲಮ್ಮ ಮಾತಾಡುವಾಗ ಕುತ್ತಿಗೆ ಮುಂದೆ ಚಾಚಿ, ತಲೆ ಓರೆ ಮಾಡಿ, ಒಂದೇ ಕಣ್ಣಲ್ಲಿ ನೋಡುತ್ತಾಳೆ. “ಕುತ್ತಿಗಿ ಹಿಂದ ತಗೀರಿ!” ಅಂದೆ. “ಹಿಂದ ತಗದ್ರ ಸತ್ತ ನವಿಲು ಅಕ್ಕೈತಿ,” ಅಂದರು. ಅಷ್ಟರಲ್ಲಿ ಹಾಲು ಉಕ್ಕಿದ ವಾಸನೆ ಬಂತು, ಎದ್ದು ಹೋದೆ. ಒಲೆ ಒರೆಸಿ ಬರುವುದರೊಳಗೆ ಬಾಲ ಮಾಯವಾಗಿತ್ತು. ಮೊಟ್ಟೆಯನ್ನೂ ಹೊಸಿಲು ದಾಟಿಸದ ನಮ್ಮ ಮನೆಯಲ್ಲಿ ಒಂದು ದಪ್ಪ ಕೋಳಿ ಬಂದು ಕೂತಿತ್ತು. ಕೊಕ್ಕಿನ ಮೇಲೆ ಮೂರು ಮುತ್ತಿನ ನತ್ತು. ಅದು ನೀಲಮ್ಮನ ನತ್ತೇ.

“ನವಿಲು ಎಲ್ಲಿ ಹೋತ್ರಿ?”

“ಬಾಲ ಭಾಳ ತ್ರಾಸ ಕೊಡಾಕತ್ತಿತ್ತು.”

“ಈ ನತ್ತು ಯಾಕ?”

“ಮೂಗು ಬರೇದು ಕಾಣಾಕತ್ತಿತ್ತು.”

ಇನ್ನೊಂದು ಬಿಡಿಸಿರಿ ಎಂದು ಜಗಳವಾಡಿದೆ. ಇನ್ನೊಂದು ಬಂತು, ಅದರಲ್ಲಿ ನೀಲಮ್ಮನ ಕೈಚೀಲವೂ ಬಂತು. ಮೊದಲನೆಯದರ ನತ್ತು ನಾನೇ ಅಳಿಸಿ ನೋಡಿದೆ, ನೆಗಡಿಯಾದ ನೀಲಮ್ಮನ ಹಾಗೆ ಕಂಡಿತು. ಮತ್ತೆ ನತ್ತು ಹಾಕಿಸಿದೆ. ಕೋಳಿಗೆ ಬೇಜಾರಿರಲಿಲ್ಲ, ಯಜಮಾನರಿಗೂ ಇರಲಿಲ್ಲ. ಭರಣಿ ನೆಗೆಣ್ಣಿಯ ಪಾಲಾಗುತ್ತದೆ ಎಂಬ ಸಂಕಟ ಇದ್ದದ್ದು ನನಗೊಬ್ಬಳಿಗೆ.

ಟೆಂಪೋ ಬಂದ ದಿನ ಚಿತ್ರವನ್ನು ಪೇಪರಿನಲ್ಲಿ ಸುತ್ತಿಕೊಂಡು ಹೋದೆ. ಭರಣಿ ಕಟ್ಟೆಯ ಮೇಲೆ ನಿಂತಿತ್ತು. ಮೊದಲು ಭರಣಿ ಕೈಗೆ ತಗೊಂಡು ಆಮೇಲೆ ಚಿತ್ರ ಕೊಟ್ಟು ಓಡಬೇಕು ಎಂದು ಲೆಕ್ಕ ಹಾಕಿದ್ದೆ. ನೀಲಮ್ಮ ಕಸಿದುಕೊಂಡು ಪೇಪರ್ ಹರಿದೇಬಿಟ್ಟಳು. ಕುತ್ತಿಗೆ ಚಾಚಿ, ತಲೆ ಓರೆ ಮಾಡಿ, ಒಂದು ಕಣ್ಣಲ್ಲಿ ನೋಡಿದಳು. ಚಿತ್ರದೊಳಗಿನದೂ ಹಾಗೇ ಇವಳನ್ನು ನೋಡಿತು. ಸಾಮಾನು ಏರಿಸುತ್ತಿದ್ದ ಅವಳ ಮಗಳು ಇಣುಕಿ, ಬಾಯಿಗೆ ಸೆರಗು ತುರುಕಿಕೊಂಡು ಟೆಂಪೋದ ಹಿಂದೆ ಹೋದಳು.

“ಇದು ನವಿಲಲ್ಲಲ್ರಿ!”

“ಕೋಳಿ ರೀ. ಮನಿಗೆ ಛಲೋ ಅಂತ,” ಎಂದು ಬಾಯಿಗೆ ಬಂದದ್ದು ಹೇಳಿ ಭರಣಿಯ ಕಿವಿ ಹಿಡಿದುಕೊಂಡೆ.

“ತಡೀರಿ, ತಡೀರಿ. ಈಕಿನ್ನ ನಾ ಎಲ್ಲೋ ನೋಡೀನಿ.”

ಭರಣಿಯ ಇನ್ನೊಂದು ಕಿವಿಯನ್ನೂ ಹಿಡಿದುಕೊಂಡೆ.

“ಅಯ್ಯ ಶಿವನ! ಥೇಟ್ ನಮ್ಮ ನೆಗೆಣ್ಣಿ! ಆ ಕುತ್ತಿಗಿ ನೋಡ್ರಿ! ಮಂದಿ ಮನಿಯಾಗ ಹಿಂಗ ಇಣಿಕ್ತಾಳ ನೋಡ್ರಿ ಆಕಿ!” ನೀಲಮ್ಮ ನಕ್ಕ ರಭಸಕ್ಕೆ ಅವಳ ನತ್ತೂ ಕುಣಿಯಿತು. “ಒಯ್ರಿ ನಿಮ್ಮ ಭರಣಿ. ಇದರ ಮುಂದ ನವಿಲು ಏನೂ ಅಲ್ಲ!” ಚಿತ್ರವನ್ನು ಯಾರ ಕೈಗೂ ಕೊಡದೆ, ಡ್ರೈವರನ ಪಕ್ಕ ತೊಡೆಯ ಮೇಲಿಟ್ಟುಕೊಂಡು ಹೋದಳು.

ಭರಣಿಯನ್ನು ಕೂಸಿನ ಹಾಗೆ ಸೊಂಟದ ಮೇಲೆ ಹೊತ್ತು ತಂದೆ. ದಾರಿಯುದ್ದಕ್ಕೂ ನಗು. ಮನುಷ್ಯರಿಗೆ ತಮ್ಮ ಮುಖ ತಮಗೇ ತಿಳಿಯುವುದಿಲ್ಲವೆಂದರೆ ಏನು ಹೇಳುವುದು! ತರಕಾರಿಯವಳಿಗೆ ತೆಲುಗಿನಲ್ಲಿ, ಇಸ್ತ್ರಿಯವನಿಗೆ ಹಿಂದಿಯಲ್ಲಿ, ಯಜಮಾನರಿಗೆ ಕನ್ನಡದಲ್ಲಿ ಇದನ್ನೇ ಹೇಳಿ ನಕ್ಕೆ.

ಯಜಮಾನರಿಗೆ ಹುರುಪು ಬಂದು ಮತ್ತೆ ಕುಂಚ ಹಿಡಿದರು. ಈ ಸಲ ಒಂದು ಹೆಣ್ಣು ಮಂಗ. ಸೀರೆ ಎತ್ತಿ ಕಟ್ಟಿ, ಕೈಕಾಲು ನಾಲ್ಕರಿಂದಲೂ ಒಂದು ಭರಣಿಯನ್ನು ಅವುಚಿಕೊಂಡು, ಹತ್ತಿರ ಬಂದವರಿಗೆ ಹಲ್ಲು ಕಿರಿಯುತ್ತಿತ್ತು. ನಾನು ಹತ್ತಿರ ಹೋಗಿ ನೋಡಿದೆ.

“ಇದು ಯಾರಂತ ಗೊತ್ತಾತು ನನಗ,” ಅಂದೆ. ಯಜಮಾನರು ಕುಂಚ ಕೆಳಗಿಟ್ಟು ಬಾಗಿಲ ಕಡೆ ನೋಡಿದರು.

“ನಿಮ್ಮ ತಂಗಿ. ಆ ಹಲ್ಲು ನೋಡ್ರಿ.”

ಅವರು ಕುಂಚ ಮತ್ತೆ ಕೈಗೆತ್ತಿಕೊಂಡು, “ಹೂಂ, ಆಕಿನ,” ಅಂದರು.

ಕಟ್ಟು ಹಾಕಿಸಿ, ಹೊರಗಿನ ಕೋಣೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ತೂಗುಹಾಕಿದ್ದೇನೆ. ಮನೆಗೆ ಬಂದವರೆಲ್ಲ ಅದನ್ನು ನೋಡಿ ನಗುತ್ತಾರೆ. ಆಮೇಲೆ ನನ್ನ ಕಡೆ ನೋಡಿ, ನಗು ನುಂಗಿ, ಚಹಾದ ಕಪ್ಪಿನೊಳಗೆ ಮುಖ ಇಡುತ್ತಾರೆ. ಯಜಮಾನರ ತಂಗಿ ಇರುವುದು ಬೀದರದಲ್ಲಿ. ಅವಳು ಹೈದರಾಬಾದಿನ ಕಡೆ ತಲೆ ಹಾಕದೆ ಎಷ್ಟೋ ವರ್ಷ ಆಯಿತು. ಇಲ್ಲಿ ಇಷ್ಟು ಜನಕ್ಕೆ ಅವಳ ಗುರುತು ಹೇಗೆ ಸಿಕ್ಕಿತೋ, ನಾನಂತೂ ಯಾರನ್ನೂ ಕೇಳಲು ಹೋಗಿಲ್ಲ.