ಬಾಯಿ ತೆರೆದು ನಿಂತ ರುದ್ರೇಶ

ನನಗೊಂದು ಚಟವಿದೆ. ಮುಚ್ಚಿಟ್ಟು ಪ್ರಯೋಜನವಿಲ್ಲ, ಹೊಳಲ್ಕೆರೆಯ ಅರ್ಧ ಊರಿಗೆ ಗೊತ್ತು. ಏನೇ ಆಗಲಿ, ಎಲ್ಲರಿಗಿಂತ ಮೊದಲು ನನಗೆ ಸಿಗಬೇಕು. ದುರ್ಗದ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವವರ ಪೈಕಿ ನಾನು. ಒಮ್ಮೆ ಹಾಗೆ ಹಿಡಿದ ಸೀಟಿನಲ್ಲಿ ಗೆದ್ದ ಗತ್ತಿನಿಂದ ಕುಳಿತು ನೋಡಿದರೆ, ಬಸ್ಸು ಡಿಪೋಗೆ ಹೊರಟಿತ್ತು. ಬುದ್ಧಿ ಬಂತೇ? ಎಲ್ಲಿಯ ಬುದ್ಧಿ!

ಅದೇ ಚಟಕ್ಕೆ ಬಿದ್ದು ಲ್ಯಾಪ್‌ಟಾಪಿಗೆ ಹೊಸ ಆಪರೇಟಿಂಗ್ ಸಿಸ್ಟಮ್ಮಿನ ಬೀಟಾ ಹಾಕಿಕೊಂಡೆ. ಬೀಟಾ ಅಂದರೆ ಇನ್ನೂ ಒಲೆಯ ಮೇಲಿರುವ ಸಾರು. ಉಪ್ಪು ಖಾರ ನೋಡಿ ಹೇಳಿ ಅಂತ ಬಿಟ್ಟಿ ಕೊಡುತ್ತಾರೆ, ನಾಲಿಗೆ ಸುಟ್ಟರೆ ನಮ್ಮದೇ ಜವಾಬ್ದಾರಿ. ಮಿಕ್ಕದ್ದೆಲ್ಲ ಹೇಗೋ ನಡೆಯಿತು, ವಿಡಿಯೋ ಮಾತ್ರ ಕುಂಟತೊಡಗಿತು. ದನಿ ಮುಂದೆ ಓಡುತ್ತಿತ್ತು, ಚಿತ್ರ ಏದುಸಿರು ಬಿಡುತ್ತ ಹಿಂದೆ ಬರುತ್ತಿತ್ತು.

ಇದು ಶುರುವಾಗಿದ್ದು ಎಂಥ ಹೊತ್ತಿಗೆ ಅಂತೀರಿ! ನಾನು ಗಣಿತ ಹೇಳುವ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು ತಿಪ್ಪೇಸ್ವಾಮಿಯವರ ಬೀಳ್ಕೊಡುಗೆ. ಹಳೆಯ ವಿದ್ಯಾರ್ಥಿಗಳ ಮಾತುಗಳನ್ನು ಊರೂರು ಅಲೆದು ಮೊಬೈಲಿನಲ್ಲಿ ಹಿಡಿದು ತಂದಿದ್ದೆ. ಅವನ್ನು ಜೋಡಿಸುವಾಗಲೇ ಯಂತ್ರ ಎಷ್ಟು ಸಲ ನಿಂತಿತೆಂದರೆ, ಪೂರ್ತಿ ವಿಡಿಯೋವನ್ನು ಒಮ್ಮೆಯೂ ಮೊದಲಿನಿಂದ ಕೊನೆಯವರೆಗೆ ನೋಡಲಾಗಲಿಲ್ಲ. ಹೆಂಡತಿ ಸುಜಾತ, ಬ್ಲೌಸ್ ಡಿಸೈನ್ ನೋಡಲು ಇಟ್ಟುಕೊಂಡಿರುವ, ಎರಡು ಕೀಲಿ ಉದುರಿದ ಹಳೇ ಲ್ಯಾಪ್‌ಟಾಪ್ ತೋರಿಸಿ, “ಇದನ್ನ ತಗಂಡೋಗ್ರಿ, ಸುಮ್ನೆ ಮರ್ಯಾದಿ ಕಳ್ಕಬ್ಯಾಡ್ರಿ” ಅಂದಳು. ಆ ಮುದಿ ಗಾಡಿಯನ್ನು ಜನರೆದುರು ಹಿಡಿದುಕೊಂಡು ಹೋಗುವುದೇ? ನಾನು ಒಪ್ಪಲಿಲ್ಲ.

ಸಭೆಯಲ್ಲಿ ಹೆಡ್‌ಮಾಸ್ಟರು ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಪರದೆಯ ಮೇಲೆ ಹುಡುಗಿಯೊಬ್ಬಳು “ನಮಸ್ಕಾರ ಸಾರ್” ಅಂದು, ಮಾತೆಲ್ಲ ಮುಗಿಸಿದ ಮೇಲೆ ಕೈಮುಗಿದಳು. ಜನ ನಕ್ಕರು. ಆಮೇಲೆ ಪರದೆಗೆ ಬಸ್ ಕಂಡಕ್ಟರ್ ರುದ್ರೇಶ ಬಂದ. “ನಮ್ಮ ಮೇಷ್ಟ್ರು ನನಗೆ…” ಎಂದವನು ಬಾಯಿ ತೆರೆದು ನಿಂತೇಬಿಟ್ಟ. ಒತ್ತಿದೆ, ಒರೆಸಿದೆ, ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಪರದೆಯಲ್ಲಿ ಚಕ್ರ ಮಾತ್ರ ತಿರುಗುತ್ತಿತ್ತು. ಮೂವತ್ತು ವರ್ಷ ದುಡಿದವರ ಬೀಳ್ಕೊಡುಗೆಯನ್ನು ನನ್ನ ಚಟ ನುಂಗಿತಲ್ಲ ಎಂದು ಅಳುವೇ ಬಂತು.

ಆಗ ತಿಪ್ಪೇಸ್ವಾಮಿಯವರು ಜೇಬಿನಿಂದ ಪೀಪಿ ತೆಗೆದು ಜೋರಾಗಿ ಊದಿದರು. “ಬಿಡ್ರಿ ಮೇಷ್ಟ್ರೇ, ಪಾಪ ಅದಕ್ಕೂ ಸುಸ್ತಾಗೈತೆ. ಲೇ ರುದ್ರೇಶ, ಹಿಂದೆ ಕುಂತು ಏನ್ ನೋಡ್ತೀಯ? ಅಲ್ಲಿ ನಿಂತಿದ್ದನ್ನ ಇಲ್ಲಿ ಬಂದು ಮುಗಸು!”

ರುದ್ರೇಶ ನಿಜವಾಗಿಯೂ ಅಲ್ಲೇ ಇದ್ದ. ಎದ್ದು ಬಂದು, “ಓಟದಾಗೆ ಕಡೇಗೆ ಬಂದ್ರೂ ಮೇಷ್ಟ್ರು ಅಲ್ಲೇ ಗೆರೆ ಹತ್ರ ಕಾಯ್ತಾ ನಿಂತಿರೋರು ಕಣ್ರಪ್ಪ” ಎಂದ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಕೊನೆಗೆ ಮೈಕು ಹಿಡಿದ ಹೆಡ್‌ಮಾಸ್ಟರು ಮುಕ್ಕಾಲು ಗಂಟೆ ಬಿಡಲಿಲ್ಲ. ವೇದಿಕೆ ಇಳಿದವರೇ ನನ್ನ ಬೆನ್ನು ತಟ್ಟಿ, “ನಿಮ್ಮ ಲ್ಯಾಪ್‌ಟಾಪ್ ಕೈ ಕೊಟ್ಟಿದ್ದೇ ಒಳ್ಳೇದಾತು ನೋಡ್ರಿ. ಆ ವಿಡಿಯೋ ನಂಗೂ ಒಂದು ಕಳಸ್ರಿ” ಅಂದರು.

ಮನೆಗೆ ಬಂದು, ಕಳಿಸುವ ಮುಂಚೆ ಒಮ್ಮೆ ನೋಡೋಣವೆಂದು ಸುಜಾತಳ ಲ್ಯಾಪ್‌ಟಾಪಿಗೆ ಹಾಕಿದೆ. ನೀರು ಹರಿದಂತೆ ಓಡಿತು. ರುದ್ರೇಶ ಮಾತು ಮುಗಿಸಿ, “ಇನ್ನೂ ಯಾರ್‌ದು ಬಾಕಿ ಐತೆ ಸಾರ್?” ಅಂದ. ಅವತ್ತು ಮೊಬೈಲಿನ ರೆಕಾರ್ಡಿಂಗ್ ನಿಲ್ಲಿಸಲು ಮರೆತಿದ್ದೆ, ನನ್ನದೇ ದನಿ ಸ್ಪಷ್ಟವಾಗಿ ಕೇಳಿತು: “ನಮ್ಮ ಹೆಡ್‌ಮಾಸ್ಟರ್‌ದು ಕಣಪ್ಪ. ಬಿಟ್ರೆ ಆ ಯಪ್ಪ ತಿಂಗಳಗಟ್ಲೆ ಮುಖ ಊದಿಸ್ಕಂಡಿರ್ತಾನೆ, ಕರದ್ರೆ ಮೈಕ್ ಬಿಡಲ್ಲ. ದೊಡ್ಡ ಗ್ರಾಚಾರ!”

ತಟ್ಟನೆ ವಿಡಿಯೋ ನಿಲ್ಲಿಸಿದೆ. ಬೀಟಾ ಇನ್ನು ಅರ್ಧ ನಿಮಿಷ ಸರಿಯಾಗಿ ಓಡಿದ್ದರೆ! ಅಬ್ಬಾ, ಬದುಕಿದೆ. ಬೆಳಗಿನಿಂದ ಶಪಿಸಿದ್ದ ಆ ಯಂತ್ರಕ್ಕೆ ಎರಡೂ ಕೈ ಮುಗಿದೆ, ಮುಗಿದ ಕೈಯಿಂದಲೇ ಬೀಟಾ ತೆಗೆದು ಹಳೆಯದನ್ನು ಹಾಕಿದೆ. ಆ ಮಾತನ್ನು ಕತ್ತರಿಸಿ ಹೆಡ್‌ಮಾಸ್ಟರಿಗೆ ವಿಡಿಯೋ ಕಳಿಸಿ ನೆಮ್ಮದಿಯಾಗಿ ಉಂಡೆ.

ಕತ್ತರಿಸದ ಪ್ರತಿ ಮಾತ್ರ ಸುಜಾತಳ ಹತ್ತಿರವೇ ಉಳಿಯಿತು. ಈಗ ಊಟವಾಗಿ ನಾನು ಪೇಪರ್ ಹಿಡಿದರೆ ಸಾಕು, “ಪಾತ್ರೆ ತೊಳೀತೀರೋ, ಹೆಡ್‌ಮಾಸ್ಟರಿಗೆ ಕಳಿಸ್ಲೋ?” ಅನ್ನುತ್ತಾಳೆ. ಎದ್ದು ತೊಳೆಯುತ್ತೇನೆ. ಏನು ಮಾಡಲಿ, ಅವಳ ಆ ಹಾಳು ಲ್ಯಾಪ್‌ಟಾಪು ಒಂದು ದಿನವೂ ನಿಲ್ಲುವುದಿಲ್ಲ.